ಬೈತಲೆ ಅಗಲವಾದಾಗ: ತಾಯಂದಿರ ಕೂದಲು ತೆಳುವಾಗುವಿಕೆಯ ಕಾರಣ ಮತ್ತು ಪರಿಹಾರ

‘ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ’ ಎಂಬ ಗಾದೆ ನಮ್ಮ ನಾಡಿನ ಮನೆಮನೆಗಳಲ್ಲಿ ಕೇಳಿಬರುವಂಥದ್ದು. ಅನುಕೂಲವುಳ್ಳವರು ಏನು ಮಾಡಿದರೂ ಒಪ್ಪುತ್ತದೆ ಎಂಬುದಷ್ಟೇ ಅದರ ತಾತ್ಪರ್ಯ. ಆದರೆ ಬಾಚಣಿಗೆಗೆ ದಿನದಿನವೂ ಸುತ್ತಿಕೊಳ್ಳುವ ಕೂದಲ ಉಂಡೆಯನ್ನು ಯಾರಿಗೂ ಕಾಣದಂತೆ ಒಲೆಗೋ ಕಸದ ಬುಟ್ಟಿಗೋ ಹಾಕುವ ತಾಯಿಗೆ ಆ ಮಾತು ಬೇರೆ ರೀತಿಯಲ್ಲಿ ಕೇಳಿಸುತ್ತದೆ. ಗಂಡಸಿನ ತಲೆ ಬೋಳಾದರೆ ನಗೆಯ ಮಾತಾಗಿ ಮುಗಿಯುತ್ತದೆ. ಹೆಣ್ಣುಮಕ್ಕಳ ಬೈತಲೆ ಅಗಲವಾದರೆ ಅದು ಹೇಳಿಕೊಳ್ಳಲಾಗದ ಸಂಕಟವಾಗುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಜಡೆಯ ಉದ್ದವನ್ನು ಕಣ್ಣಳತೆಯಲ್ಲಿಯೇ ಅಳೆಯುವ ಸಮಾಜ ನಮ್ಮದು. ಮದುವೆ, ಸೀಮಂತ, ಜಾತ್ರೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿ, ಮನೆಯೊಳಗೂ ಸೆರಗು ಹೊದ್ದು ಓಡಾಡುವ ತಾಯಂದಿರನ್ನು ನಾವು ಕಾಣುತ್ತಲೇ ಇದ್ದೇವೆ.

ಈ ಸಂಕೋಚದಿಂದ ಎರಡು ಬಗೆಯ ಹಾನಿಯಾಗುತ್ತದೆ. ಮೊದಲನೆಯದು, ಮನಸ್ಸು ಕುಗ್ಗಿ ಜನರೊಡನೆ ಬೆರೆಯುವುದು ನಿಲ್ಲುವುದು. ಎರಡನೆಯದು ಇನ್ನೂ ದೊಡ್ಡದು. ಕೂದಲು ತೆಳುವಾಗುವಿಕೆ ಎಷ್ಟೋ ಸಲ ದೇಹದೊಳಗಿನ ಕೊರತೆಯೊಂದರ ಹೊರಗುರುತಾಗಿರುತ್ತದೆ. ಅದನ್ನು ಮುಚ್ಚಿಟ್ಟಾಗ ಆ ಕೊರತೆಯೂ ಮುಚ್ಚಿಹೋಗಿ ಒಳಗೇ ಬೆಳೆಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಸದ್ಭಕ್ತರ ಮುಂದಿಡಬಯಸುವ ಮುಖ್ಯ ಮಾತು ಇಷ್ಟೆ: ಎಣ್ಣೆ ಹುಡುಕುವ ಮೊದಲು ಕಾರಣ ಹುಡುಕಬೇಕು.

ಒಂದು ಕೂದಲಿನ ಆಯುಷ್ಯ

ಮನುಷ್ಯರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಆದಕಾರಣವೇ ಕತ್ತರಿಸಿದರೆ ನೋವಾಗುವುದಿಲ್ಲ. ಜೀವವಿರುವುದು ಚರ್ಮದೊಳಗೆ ಹುದುಗಿರುವ ಬೇರಿನಲ್ಲಿ. ರಕ್ತವು ಹೊತ್ತು ತರುವ ಪೋಷಕಾಂಶಗಳು ಅಲ್ಲಿಗೆ ತಲುಪಿದಾಗ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗೆ ಇಳಿದ ಜಡೆಯ ತುದಿ ನಾಲ್ಕೈದು ವರ್ಷಗಳಷ್ಟು ಹಳೆಯದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಪ್ರತಿಯೊಂದು ಕೂದಲೂ ಮೂರು ಘಟ್ಟಗಳನ್ನು ದಾಟುತ್ತದೆ. 2ರಿಂದ 6 ವರ್ಷಗಳವರೆಗೆ ಬೆಳೆಯುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲುತ್ತದೆ. ಅನಂತರ ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಕಳಚಿ ಬೀಳುತ್ತದೆ. ಅದೇ ಬೇರಿನಿಂದ ಹೊಸ ಕೂದಲು ಮೂಡುತ್ತದೆ. ತೆಂಗಿನ ಮರದಲ್ಲಿ ಒಂದು ಗರಿ ಒಣಗಿ ಬೀಳುವಾಗ ಮತ್ತೊಂದು ಸುಳಿಬಿಡುವಂತೆ ಈ ಕ್ರಮ ನಡೆದೇ ಇರುತ್ತದೆ. ಆರೋಗ್ಯವಂತರ ತಲೆಯಲ್ಲಿ ಯಾವುದೇ ಹೊತ್ತಿಗೆ ನೂರಕ್ಕೆ 85ರಿಂದ 90 ಕೂದಲು ಬೆಳೆಯುವ ಘಟ್ಟದಲ್ಲಿಯೇ ಇರುತ್ತವೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ಮಾತ್ರ ತಲೆಸ್ನಾನ ಮಾಡುವವರಿಗೆ ಸಡಿಲಗೊಂಡ ಕೂದಲೆಲ್ಲ ಒಂದೇ ದಿನ ಕೈಗೆ ಬರುವುದರಿಂದ ಅದು ಬಹಳವೆಂದು ತೋರುತ್ತದೆ. ಕೂದಲು ಉದುರುವುದೆಂದು ಹೆದರಿ ಸ್ನಾನವನ್ನೇ ಮುಂದೂಡುವ ತಾಯಂದಿರಿದ್ದಾರೆ. ಸ್ನಾನವು ಕೂದಲನ್ನು ಕೀಳುವುದಿಲ್ಲ. ಮೊದಲೇ ಬೇರು ಬಿಟ್ಟ ಕೂದಲನ್ನು ಕೆಳಗಿಳಿಸುತ್ತದೆ, ಅಷ್ಟೆ.

ಉದುರುವುದು, ತೆಳುವಾಗುವುದು, ಮುರಿಯುವುದು

ಈ ಮೂರನ್ನೂ ಜನರು ಒಂದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಇವುಗಳ ಕಾರಣಗಳು ಬೇರೆ ಬೇರೆ. ಕೈಗೆ ಬಂದ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿಯ ಗಂಟು ಕಂಡರೆ ಅದು ಬುಡಸಹಿತ ಉದುರಿದ್ದು. ಗಂಟಿಲ್ಲದೆ ತುಂಡಾಗಿದ್ದರೆ ಅದು ನಡುವೆ ಮುರಿದದ್ದು. ಒದ್ದೆ ಕೂದಲನ್ನು ಬಲವಾಗಿ ಬಾಚುವುದು, ಬಿಸಿ ಯಂತ್ರದಿಂದ ನೇರಮಾಡಿಸುವುದು, ಮೇಲಿಂದ ಮೇಲೆ ರಾಸಾಯನಿಕ ಬಣ್ಣ ಹಚ್ಚುವುದು ಮುರಿಯುವಿಕೆಗೆ ಕಾರಣ. ಹೆಚ್ಚೇನೂ ಉದುರದಿದ್ದರೂ ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗಿ ನೆತ್ತಿಯ ಚರ್ಮ ಕಾಣತೊಡಗಿದರೆ ಅದು ತೆಳುವಾಗುವಿಕೆ. ಅಲ್ಲಿ ಒಂದೊಂದು ಎಳೆಯೂ ಸಣ್ಣದಾಗುತ್ತಾ ಬಂದಿರುತ್ತದೆ. ಇದನ್ನು ಅರಿಯಲು ಸುಲಭ ಉಪಾಯವೊಂದಿದೆ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಹಗಲು ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ನಾಲ್ಕಾರು ತಿಂಗಳ ಫೋಟೋಗಳನ್ನು ಹೋಲಿಸಿದಾಗ ಊಹೆಗೆ ಎಡೆಯಿರುವುದಿಲ್ಲ. ವೈದ್ಯರಿಗೂ ಅದರಿಂದ ನೆರವಾಗುತ್ತದೆ.

ಜ್ವರದ ನಂತರ, ಹೆರಿಗೆಯ ನಂತರ

ಟೈಫಾಯ್ಡ್, ಡೆಂಗಿ, ಕೋವಿಡ್‌ನಂತಹ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಮನೋವ್ಯಥೆ, ಊಟ ಬಿಟ್ಟು ತೂಕ ಇಳಿಸುವಿಕೆ ಮುಂತಾದವು ದೇಹಕ್ಕೆ ದೊಡ್ಡ ಆಘಾತಗಳು. ಅಂತಹ ಹೊತ್ತಿನಲ್ಲಿ ದೇಹವು ತನ್ನ ಶಕ್ತಿಯನ್ನು ಜೀವ ಉಳಿಸುವ ಅಂಗಗಳ ಕಡೆಗೆ ತಿರುಗಿಸುತ್ತದೆ. ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ವಿಶ್ರಾಂತಿಯ ಅವಧಿ ಸುಮಾರು ಮೂರು ತಿಂಗಳಾದ್ದರಿಂದ ಅವು ಉದುರುವುದು ಎರಡು ಮೂರು ತಿಂಗಳ ಬಳಿಕ. ಆಗ ಆ ಹಳೆಯ ಜ್ವರ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಅಂದು ಬದಲಾಯಿಸಿದ ಸಾಬೂನಿನ ಮೇಲೋ ಕೊಳವೆಬಾವಿಯ ನೀರಿನ ಮೇಲೋ ತಪ್ಪು ಬೀಳುತ್ತದೆ. ಆದ್ದರಿಂದ ಕೂದಲು ಉದುರಲಾರಂಭಿಸಿದ ದಿನದಿಂದ ಹಿಂದಕ್ಕೆ ಮೂರು ತಿಂಗಳು ಎಣಿಸಿ, ಆಗ ಏನಾಗಿತ್ತೆಂದು ಕೇಳಿಕೊಳ್ಳುವುದು ಲೇಸು.

ಬಾಣಂತಿಯರ ಸ್ಥಿತಿಯೂ ಹೀಗೆಯೇ. ಗರ್ಭಿಣಿಯ ದೇಹದಲ್ಲಿ ಹೆಚ್ಚಿರುವ ಈಸ್ಟ್ರೋಜನ್ ಹಾರ್ಮೋನು ಉದುರಬೇಕಾದ ಕೂದಲನ್ನೂ ಹಿಡಿದಿಡುತ್ತದೆ. ಹೆರಿಗೆಯಾದ ಬಳಿಕ ಆ ಹಾರ್ಮೋನು ಇಳಿದಾಗ, ಎರಡರಿಂದ ನಾಲ್ಕು ತಿಂಗಳೊಳಗೆ, ತಡೆದು ನಿಂತದ್ದೆಲ್ಲ ಒಟ್ಟಿಗೆ ಉದುರುತ್ತದೆ. ಮಗು ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತದೆಂದು ಹಿರಿಯರು ಹೇಳುವುದು ಈ ಕಾಲವನ್ನೇ. ಮಗುವಿನ ದೃಷ್ಟಿಯಿಂದಲ್ಲ, ಹಾಲುಣಿಸುವುದರಿಂದಲೂ ಅಲ್ಲ. ಇದು ಪ್ರಕೃತಿಯ ಲೆಕ್ಕ ಸರಿಹೊಂದುವ ಬಗೆ. ಬಹುಮಟ್ಟಿಗೆ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಕೂದಲು ಮತ್ತೆ ತುಂಬಿಕೊಳ್ಳುತ್ತದೆ. ಈ ಅವಧಿಯಲ್ಲಿ ಬಾಣಂತಿಗೆ ಬೇಕಾದುದು ಧೈರ್ಯದ ಮಾತು, ಹೊಟ್ಟೆ ತುಂಬ ಊಟ, ಮತ್ತು ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗುವುದು. ಆಘಾತದಿಂದ ಉದುರಿದ ಕೂದಲು ಸಾಮಾನ್ಯವಾಗಿ ಆರು ತಿಂಗಳೊಳಗೆ ಹತೋಟಿಗೆ ಬರುತ್ತದೆ. ಅದಕ್ಕೂ ಮೀರಿ ಮುಂದುವರಿದರೆ ಬೇರೆ ಕಾರಣವನ್ನು ಹುಡುಕಬೇಕು.

ಕೊನೆಯಲ್ಲಿ ಉಣ್ಣುವವಳ ರಕ್ತ

ನಮ್ಮ ತಾಯಂದಿರಲ್ಲಿ ಮೊದಲು ನೋಡಬೇಕಾದ ಕಾರಣ ರಕ್ತಹೀನತೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆಯುಳ್ಳವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48. ಎಂದರೆ ಪ್ರಸಾದದ ಪಂಕ್ತಿಯಲ್ಲಿ ಕುಳಿತ ಇಬ್ಬರು ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ರಕ್ತ ಕಡಿಮೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ ಎನಿಸುತ್ತದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಣಜದಲ್ಲಿನ ಕಬ್ಬಿಣಾಂಶ ಬರಿದಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಕಣಜ ಬರಿದಾದಾಗ ದೇಹವು ಕೂದಲಿನ ಬೇರಿಗೆ ಕೊಡುವ ಪಾಲನ್ನು ಮೊದಲಿಗೆ ಕಡಿತಗೊಳಿಸುತ್ತದೆ.

ಈ ಕೊರತೆಯ ಮೂಲ ಎರಡು ಕಡೆ ಇದೆ. ಒಂದು, ಅಡುಗೆಮನೆಯಲ್ಲಿ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಿಗೆ ರೊಟ್ಟಿ ಉಳಿದಿದ್ದರೆ ಪಲ್ಯ ಉಳಿದಿರುವುದಿಲ್ಲ. ಅನ್ನ ಉಳಿದಿದ್ದರೆ ಸಾರಿನ ತಳದ ಬೇಳೆ ಮುಗಿದಿರುತ್ತದೆ. ಮುಂಜಾನೆಯಿಂದ ಎರಡು ಮೂರು ಲೋಟ ಚಹಾದ ಮೇಲೆಯೇ ಮಧ್ಯಾಹ್ನದವರೆಗೆ ದುಡಿಯುವವರು ಎಷ್ಟೋ ಜನ. ಇನ್ನೊಂದು ಮೂಲ ಮುಟ್ಟಿನ ರಕ್ತಸ್ರಾವ. ಏಳು ದಿನಕ್ಕೂ ಮೀರಿ ಹೋಗುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ಒಂದೆರಡು ತಾಸಿಗೊಮ್ಮೆ ಬಟ್ಟೆಯನ್ನೋ ಪ್ಯಾಡನ್ನೋ ಬದಲಿಸಬೇಕಾಗುವುದು ಸಹಜವಲ್ಲ. ‘ನಮ್ಮವ್ವನಿಗೂ ಹೀಗೇ ಇತ್ತು’ ಎಂದು ಸಹಿಸಿಕೊಂಡು ಕೂರುವ ಬದಲು ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಒಳಗಿನ ಸೋರಿಕೆ ನಿಲ್ಲದಿದ್ದರೆ ಎಷ್ಟು ಪೌಷ್ಟಿಕವಾಗಿ ಉಂಡರೂ ಕಣಜ ತುಂಬದು.

ಸಸ್ಯಾಹಾರಿಗಳಾದ ನಮಗೆ ಕಬ್ಬಿಣಾಂಶ ಸಿಗುವುದು ಸೊಪ್ಪು, ಕಾಳು, ಸಿರಿಧಾನ್ಯಗಳಿಂದ. ನುಗ್ಗೆಸೊಪ್ಪು, ರಾಜಗಿರಿ, ಮೆಂತ್ಯ, ಪುಂಡಿಪಲ್ಯ. ಮಡಿಕೆಕಾಳು, ಹೆಸರು, ಅಲಸಂದಿ, ಹುರುಳಿ. ಸಜ್ಜೆ ರೊಟ್ಟಿ, ಎಳ್ಳು, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಇವೆಲ್ಲ ನಮ್ಮ ಹಿರಿಯರ ತಟ್ಟೆಯಲ್ಲಿ ಇದ್ದವೇ. ಆದರೆ ಸಸ್ಯಮೂಲದ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಹುಳಿಯ ನೆರವಿದ್ದರೆ ಹೀರಿಕೆ ಹೆಚ್ಚುತ್ತದೆ. ಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದ ಜೊತೆ ಪೇರಲವನ್ನೋ ನೆಲ್ಲಿಕಾಯಿಯನ್ನೋ ತಿನ್ನುವುದು, ಕಾಳನ್ನು ಮೊಳಕೆ ಬರಿಸುವುದು ಒಳ್ಳೆಯ ಪದ್ಧತಿ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕಾಫಿ ಕುಡಿದರೆ ಉಂಡ ಕಬ್ಬಿಣಾಂಶದ ಬಹುಪಾಲು ವ್ಯರ್ಥ. ಒಂದು ತಾಸಾದರೂ ಅಂತರವಿರಲಿ.

ಕೂದಲೇ ಪ್ರೋಟೀನಿನಿಂದ ಆದದ್ದೆಂದ ಮೇಲೆ ಬೇಳೆ, ಕಾಳು, ಶೇಂಗಾ, ಹಾಲು, ಮೊಸರು ದಿನವೂ ತಾಯಿಯ ತಟ್ಟೆಯಲ್ಲಿರಬೇಕು. ಬಿ12 ಎಂಬ ವಿಟಮಿನ್ ಸಸ್ಯಗಳಲ್ಲಿ ಸಿಗುವುದಿಲ್ಲ. ನಮಗೆ ಅದರ ಆಸರೆ ಹಾಲು, ಮೊಸರು, ಮಜ್ಜಿಗೆಗಳೇ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಕಪ್ಪು ಚಹಾ ಕುಡಿಯುವ ಮನೆಗಳಲ್ಲಿ ಬಿ12 ಕೊರತೆ ಅಚ್ಚರಿಯಲ್ಲ. ಶ್ರಾವಣ ಸೋಮವಾರದ ಅಥವಾ ಶಿವರಾತ್ರಿಯ ಒಂದು ದಿನದ ಉಪವಾಸದಿಂದ ಕೂದಲಿಗೆ ಹಾನಿಯಿಲ್ಲ. ತೂಕ ಇಳಿಸುವ ಹೆಸರಿನಲ್ಲಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿರುವುದು ಮಾತ್ರ ಹಾನಿಕರ.

ಹಿಮೋಗ್ಲೋಬಿನ್ ಪರೀಕ್ಷೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತದೆ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಗರ್ಭಿಣಿಯರಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ. ಹೊಟ್ಟೆ ತೊಳಸಿದಂತಾದರೆ ಊಟದ ಬಳಿಕ ನುಂಗಬಹುದು. ಚಹಾ ಅಥವಾ ಹಾಲಿನ ಜೊತೆಗೆ ಮಾತ್ರ ನುಂಗಬಾರದು. ಕಣಜ ತುಂಬಲು ತಿಂಗಳುಗಳೇ ಬೇಕು, ಆ ಮೇಲೆ ಕೂದಲು ಚೇತರಿಸಿಕೊಳ್ಳಲು ಇನ್ನಷ್ಟು ತಿಂಗಳು ಬೇಕು. ಹದಿನೈದು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು. ಹಾಗೆಂದು ಪರೀಕ್ಷೆಯಿಲ್ಲದೆ ತಾವಾಗಿಯೇ ವರ್ಷಗಟ್ಟಲೆ ನುಂಗುವುದೂ ಸಲ್ಲದು. ಕಬ್ಬಿಣಾಂಶ ಅತಿಯಾದರೂ ತೊಂದರೆಯೇ.

ಥೈರಾಯ್ಡ್ ಮತ್ತು ಅಂಡಾಶಯದ ತೊಂದರೆ

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮಂದವಾದಾಗ ತಲೆಯ ಎಲ್ಲ ಕಡೆಯಿಂದಲೂ ಕೂದಲು ಉದುರುತ್ತದೆ, ಒಣಗಿ ಒರಟಾಗುತ್ತದೆ. ಹುಬ್ಬಿನ ಹೊರತುದಿಯೂ ತೆಳುವಾಗಬಹುದು. ಜೊತೆಗೆ ಸುಸ್ತು, ಮಲಬದ್ಧತೆ, ತೂಕ ಹೆಚ್ಚುವಿಕೆ, ಚಳಿ ತಡೆಯದಿರುವುದು ಇದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಸರಳ: ದಿನಕ್ಕೊಂದು ಮಾತ್ರೆ. ಆದರೆ ಅದು ವೈದ್ಯರ ಅಳತೆಯಲ್ಲಿಯೇ ಇರಬೇಕು, ಏಕೆಂದರೆ ಪ್ರಮಾಣ ಮೀರಿದರೂ ಕೂದಲು ಉದುರುತ್ತದೆ.

ಹರೆಯದ ಹೆಣ್ಣುಮಕ್ಕಳಲ್ಲಿ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವುದು, ಗಲ್ಲ ಮತ್ತು ಮೇಲ್ದುಟಿಯ ಮೇಲೆ ಒರಟು ಕೂದಲು ಮೂಡುವುದು, ಮೊಡವೆ ಹೆಚ್ಚುವುದು, ಜೊತೆಗೆ ನೆತ್ತಿಯ ಕೂದಲು ತೆಳುವಾಗುವುದು ಕಂಡರೆ ಅದು ಜನರು ಪಿಸಿಒಡಿ ಎಂದು ಕರೆಯುವ ತೊಂದರೆಯಾಗಿರಬಹುದು. ಮುಂದೆ ಸಕ್ಕರೆ ಕಾಯಿಲೆಗೂ ದಾರಿ ಮಾಡುವ ತೊಂದರೆ ಇದು. ತೂಕದ ಹತೋಟಿ, ನಿತ್ಯದ ನಡಿಗೆ, ಅಗತ್ಯವಿದ್ದರೆ ಔಷಧ ಇದರ ಚಿಕಿತ್ಸೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಮಗಳನ್ನು ಮದುವೆಗೆ ಮೊದಲೇ ವೈದ್ಯರ ಬಳಿ ಕರೆದೊಯ್ಯುವುದು ತಾಯಿತಂದೆಯರ ಕರ್ತವ್ಯ.

ವಂಶದಿಂದ ಬರುವ ತೆಳುವು

ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದು, ಹಣೆಯಂಚಿನ ಕೂದಲು ಹಾಗೆಯೇ ಇದ್ದು, ಬೈತಲೆ ಮಾತ್ರ ನಿಧಾನವಾಗಿ ಅಗಲವಾಗುತ್ತಿದ್ದರೆ ಅದು ವಂಶವಾಹಿಯಾಗಿ ಬಂದ ತೆಳುವಾಗಿರುವ ಸಂಭವ ಹೆಚ್ಚು. ಮುಟ್ಟು ನಿಲ್ಲುವ ವಯಸ್ಸಿನ ಬಳಿಕ ಇದು ಎದ್ದು ಕಾಣುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ 1977ರಲ್ಲಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಚರ್ಮರೋಗ ತಜ್ಞರು ಆ ಕ್ರಮವನ್ನು ಬಳಸುತ್ತಾರೆ. ಇಲ್ಲಿ ಬೇರು ಸಾಯುವುದಿಲ್ಲ, ಕಿರಿದಾಗುತ್ತದೆ; ದಪ್ಪ ಎಳೆಯ ಜಾಗದಲ್ಲಿ ನವಿರು ಎಳೆ ಬರುತ್ತದೆ. ಗಂಡಸರಂತೆ ಪೂರ್ತಿ ಬೋಳಾಗುವುದು ಹೆಣ್ಣುಮಕ್ಕಳಲ್ಲಿ ಅಪರೂಪ.

ಇದಕ್ಕೆ ಸಾಕ್ಷ್ಯವಿರುವ ಔಷಧವೆಂದರೆ ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್. ಮೊದಲು ಇದು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದನ್ನು ಕಂಡು ಹಚ್ಚುವ ದ್ರವವನ್ನು ರೂಪಿಸಲಾಯಿತು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೂ 1991ರಲ್ಲಿ ಹೆಂಗಸರಿಗೂ ಇದರ ಬಳಕೆಗೆ ಅನುಮತಿ ದೊರೆಯಿತು. ಇದನ್ನು ಬಳಸುವವರು ಕೆಲವು ಮಾತು ಅರಿತಿರಬೇಕು. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರಬಹುದು. ಹಳೆಯದು ಬಿದ್ದು ಹೊಸದಕ್ಕೆ ಎಡೆಯಾಗುವ ಲಕ್ಷಣವದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಮುಖಕ್ಕೆ ಇಳಿದರೆ ಅಲ್ಲಿಯೂ ಕೂದಲು ಮೂಡಬಹುದಾದ್ದರಿಂದ ಒಣ ನೆತ್ತಿಗೆ ಮಾತ್ರ ಹಚ್ಚಿ ಕೈ ತೊಳೆಯಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಬಳಸಬಾರದು. ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಹಚ್ಚಬಾರದು. ಗಂಡಸರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಎಂದಿಗೂ ತಾವಾಗಿ ನುಂಗಕೂಡದು. ಗರ್ಭದಲ್ಲಿರುವ ಗಂಡುಶಿಶುವಿಗೆ ಅದರಿಂದ ಅಂಗದೋಷ ಉಂಟಾಗಬಹುದು.

ಕೂದಲು ಕಸಿ ಮಾಡಿಸುವುದಕ್ಕೆ ಹಿಂದಲೆಯಲ್ಲಿ ದಟ್ಟ ಕೂದಲಿರಬೇಕು. ಹೆಣ್ಣುಮಕ್ಕಳಲ್ಲಿ ಎಲ್ಲ ಕಡೆಯೂ ತೆಳುವಾಗಿರುವುದುಂಟು; ಅಂಥವರಿಗೆ ಕಸಿ ಹೊಂದುವುದಿಲ್ಲ. ಸಾಲ ಮಾಡಿ ಲಕ್ಷ ರೂಪಾಯಿ ಕಟ್ಟುವ ಮುನ್ನ ಅರ್ಹ ಚರ್ಮರೋಗ ತಜ್ಞರ ಇನ್ನೊಂದು ಅಭಿಪ್ರಾಯ ಪಡೆಯುವುದು ವಿವೇಕ.

ಎಣ್ಣೆಯಿಂದ ಆಗುವುದು, ಆಗದಿರುವುದು

ಎಣ್ಣೆಯನ್ನು ನಾವು ಹೀಗಳೆಯುವುದಿಲ್ಲ. ಕೊಬ್ಬರಿಎಣ್ಣೆ ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆಂದು ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಎಣ್ಣೆಯಿಂದ ಎಳೆ ಮೃದುವಾಗುತ್ತದೆ, ಮುರಿಯುವುದು ಕಡಿಮೆಯಾಗುತ್ತದೆ. ತಾಯಿಯೊಬ್ಬಳು ಮಗಳ ತಲೆಗೆ ಎಣ್ಣೆ ಹಚ್ಚುವಾಗ ಇಬ್ಬರ ಮನಸ್ಸೂ ಹಗುರಾಗುತ್ತದೆ. ಆದರೆ ಬೇರಿಗೆ ಆಹಾರ ಬರುವುದು ರಕ್ತದಿಂದ, ಮೇಲಿನಿಂದಲ್ಲ. ರಕ್ತದಲ್ಲಿ ಕಬ್ಬಿಣಾಂಶವಿಲ್ಲದವಳ ನೆತ್ತಿಗೆ ಎಷ್ಟು ಎಣ್ಣೆ ಸುರಿದರೂ, ನೀರಿಲ್ಲದ ಹೊಲದ ಬೆಳೆಯ ಎಲೆ ಒರೆಸಿದಂತೆಯೇ ಸರಿ. ತಲೆಹೊಟ್ಟು ಹೆಚ್ಚಿದ್ದಾಗ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಟ್ಟರೆ ಹೊಟ್ಟು ಇನ್ನೂ ಹೆಚ್ಚುತ್ತದೆ. ಸೀಗೆಕಾಯಿ, ಅಂಟುವಾಳ, ದಾಸವಾಳದೆಲೆಯ ಲೋಳೆ ಕೂದಲನ್ನು ತೊಳೆಯಲು ಒಳ್ಳೆಯವು. ಇವುಗಳಿಗೂ ಅದಕ್ಕಿಂತ ಹೆಚ್ಚಿನ ಹೊಣೆ ಹೊರಿಸಬೇಕಾಗಿಲ್ಲ. ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬುದೂ ನಿಜವಲ್ಲ. ಮೊಂಡು ತುದಿಯಿಂದಾಗಿ ಹಾಗೆ ತೋರುತ್ತದೆ.

ಆಯುರ್ವೇದವು ಕೂದಲು ಉದುರುವಿಕೆಯನ್ನು ಖಾಲಿತ್ಯವೆಂದೂ ಬಿಲ್ಲೆಬಿಲ್ಲೆಯಾಗಿ ಹೋಗುವುದನ್ನು ಇಂದ್ರಲುಪ್ತವೆಂದೂ ಬೇರೆ ಬೇರೆಯಾಗಿಯೇ ಗುರುತಿಸಿ, ಆಹಾರ ವಿಹಾರಗಳ ತಿದ್ದುಪಡಿಯನ್ನು ಹೇಳುತ್ತದೆ. ಅರ್ಹ ವೈದ್ಯರು ರೋಗಿಯನ್ನು ನೋಡಿ ಕೊಡುವ ಔಷಧ ಬೇರೆ. ಮೊಬೈಲಿನಲ್ಲಿ ಮೊಣಕಾಲುದ್ದದ ಜಡೆ ತೋರಿಸಿ ಮಾರುವ ಸೀಸೆ ಬೇರೆ. ನಮ್ಮ ದೇಶದ 1945ರ ಔಷಧ ಮತ್ತು ಪ್ರಸಾಧನ ನಿಯಮಗಳ ಜೆ ಅನುಸೂಚಿಯು, ಔಷಧವೊಂದು ವಾಸಿಮಾಡುತ್ತದೆಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಲ್ಲಿ ಬೋಳುತಲೆಯನ್ನೂ ಹೊಸ ಕೂದಲು ಬೆಳೆಸುವುದನ್ನೂ ಸೇರಿಸಿದೆ. ‘ಮೂವತ್ತು ದಿನಗಳಲ್ಲಿ ಹೊಸ ಕೂದಲು’ ಎಂಬ ಭರವಸೆ ಕಂಡಾಗ ಈ ಮಾತನ್ನು ನೆನೆಯಬೇಕು.

ಬಯೋಟಿನ್ ಮಾತ್ರೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಯೋಟಿನ್ ಕೊರತೆಯೇ ಅಪರೂಪ. ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳು ತಪ್ಪು ಫಲಿತಾಂಶ ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ನುಂಗುತ್ತಿರುವವರು ಪರೀಕ್ಷೆಗೆ ಮೊದಲು ವೈದ್ಯರಿಗೆ ತಿಳಿಸಬೇಕು.

ತಡಮಾಡಬಾರದ ಲಕ್ಷಣಗಳು

ಕೆಲವು ಗುರುತುಗಳು ಕಂಡಾಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು:

• ನಾಣ್ಯದಂತೆ ದುಂಡಗೆ ಕೂದಲು ಹೋಗುವುದು. ‘ಹುಳ ತಿಂದಿದೆ’ ಎಂದು ಬೆಳ್ಳುಳ್ಳಿಯನ್ನೋ ಸುಡುವ ರಸವನ್ನೋ ಹಚ್ಚುತ್ತಾರೆ. ಅಲ್ಲಿ ಹುಳವಿರುವುದಿಲ್ಲ, ದೇಹದ ರಕ್ಷಣಾಶಕ್ತಿಯೇ ಬೇರಿನ ಮೇಲೆ ತಿರುಗಿಬಿದ್ದಿರುತ್ತದೆ. ಚಿಕಿತ್ಸೆಯಿದೆ.
• ನೆತ್ತಿಯಲ್ಲಿ ಉರಿ, ನೋವು, ಕೀವು, ಅಥವಾ ಕೂದಲಿನ ರಂಧ್ರಗಳೇ ಮುಚ್ಚಿ ಚರ್ಮ ನುಣುಪಾಗಿ ಹೊಳೆಯುವುದು. ಇಲ್ಲಿ ಬೇರು ಸಾಯುತ್ತದೆ; ಹೋದ ಕೂದಲು ಮರಳುವುದಿಲ್ಲವಾದ್ದರಿಂದ ಉಳಿದದ್ದನ್ನು ಬೇಗ ಕಾಪಾಡಬೇಕು.
• ಹಣೆಯಂಚು ಹಿಂದೆ ಸರಿಯುತ್ತಾ ಹುಬ್ಬೂ ಉದುರುವುದು.
• ಬಿಸಿಲಿಗೆ ಮುಖದಲ್ಲಿ ಗಂದೆ, ಬಾಯಿಹುಣ್ಣು, ಕೀಲುನೋವಿನೊಡನೆ ಕೂದಲು ಉದುರುವುದು.
• ಕೆಲವೇ ತಿಂಗಳಲ್ಲಿ ಮುಖದ ಮೇಲೆ ದಟ್ಟ ಕೂದಲು ಮೂಡಿ ಧ್ವನಿ ಗಡಸಾಗುವುದು.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಹೋದವರು ಧೈರ್ಯಗೆಡಬಾರದು. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಅದು ಮರಳಿ ಬರುತ್ತದೆ. ಕೂದಲಿಗೆ ಹೆದರಿ ಚಿಕಿತ್ಸೆ ಬಿಡುವಂತಾಗಬಾರದು.

ಇದ್ದುದನ್ನು ಉಳಿಸಿಕೊಳ್ಳುವ ಬಗೆ

ಬಿಗಿಯಾಗಿ ಎಳೆದು ಕಟ್ಟಿದ ಜಡೆ, ಭಾರದ ಚೌರಿ, ತೂಕದ ಜಡೆಬಂಗಾರ, ಮೊಳಗಟ್ಟಲೆ ಹೂವು ದಿನವೂ ತಲೆಯ ಮೇಲಿದ್ದರೆ ಹಣೆಯಂಚಿನ ಮತ್ತು ಕಪೋಲದ ಮೇಲಿನ ಕೂದಲು ಎಳೆತಕ್ಕೆ ಸಿಕ್ಕಿ ಹೋಗುತ್ತದೆ. ಹಬ್ಬದ ದಿನ ಇರಲಿ, ನಿತ್ಯ ಬೇಡ. ಶಾಲೆಗೆ ಹೋಗುವ ಮಕ್ಕಳ ಎರಡು ಜಡೆಯನ್ನೂ ಸಡಿಲವಾಗಿ ಹೆಣೆಯಬೇಕು. ಮೊದಮೊದಲಿನಲ್ಲಿ ಬಿಗಿತ ಸಡಿಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಬೇರೇ ಸಾಯುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಬಿಡಿಸಿಕೊಂಡು ಮೇಲಕ್ಕೆ ಬರುವುದು, ಒದ್ದೆ ಕೂದಲನ್ನು ಟವೆಲಿನಿಂದ ಬಡಿಯದೆ ಒತ್ತಿ ಒರೆಸುವುದು ಸಣ್ಣ ಮಾತೆನಿಸಿದರೂ ದಿನದಿನದ ಲಾಭ.

ತೆಳುವನ್ನು ಮರೆಸುವ ಸರಳ ದಾರಿಗಳೂ ಇವೆ. ನೇರ ಬೈತಲೆಯ ಬದಲು ಓರೆ ಬೈತಲೆ ತೆಗೆದರೆ ಅಗಲ ಕಾಣುವುದಿಲ್ಲ. ಉದ್ದ ಕೂದಲು ತನ್ನ ಭಾರಕ್ಕೇ ಚಪ್ಪಟೆಯಾಗುವುದರಿಂದ ಹೆಗಲವರೆಗೆ ಕತ್ತರಿಸಿದರೆ ತುಂಬಿದಂತೆ ತೋರುತ್ತದೆ. ಬೇಕಾದವರು ಹಗುರವಾದ ಕೃತಕ ಕೂದಲನ್ನು ಧರಿಸಬಹುದು. ಇವುಗಳಲ್ಲಿ ನಾಚುವಂಥದ್ದೇನೂ ಇಲ್ಲ. ಕನ್ನಡಕ ಹಾಕಿಕೊಂಡಂತೆಯೇ ಇವೂ.

ಮನೆಯವರ ಮಾತು

ಔಷಧಕ್ಕೆ ಸಮನಾದ ಹೊಣೆ ಮನೆಯವರದು. ‘ಏನವ್ವಾ, ತಲೆಯೆಲ್ಲ ಬೈಲಾಗೇದ’ ಎಂದು ನಾಲ್ಕು ಜನರ ನಡುವೆ ಕೇಳುವವರು ಪ್ರೀತಿಯಿಂದಲೇ ಕೇಳಿರಬಹುದು. ಕೇಳಿಸಿಕೊಂಡವಳು ಮುಂದಿನ ಮದುವೆಗೆ ಬರುವುದಿಲ್ಲ. ಅದರ ಬದಲು ‘ಊಟ ಸರಿಯಾಗಿ ಮಾಡ್ತೀಯೇನು? ರಕ್ತ ತೋರಿಸಿದ್ದೀಯೇನು?’ ಎಂದು ಒಬ್ಬಳೇ ಇದ್ದಾಗ ವಿಚಾರಿಸಿದರೆ ಅದು ನಿಜವಾದ ಅಂತಃಕರಣ. ಪತಿಯಾದವನು ಆಸ್ಪತ್ರೆಗೆ ಜೊತೆಗೆ ಹೋಗಬೇಕು. ಅತ್ತೆಯಾದವಳು ಸೊಸೆಯನ್ನು ಎಲ್ಲರೊಡನೆ ಊಟಕ್ಕೆ ಕೂಡಿಸಬೇಕು. ಎರಡು ವಾರಕ್ಕೂ ಮೀರಿ ನಿದ್ರೆಯಿಲ್ಲದೆ, ಅಳುತ್ತಾ, ಯಾರನ್ನೂ ನೋಡಬಯಸದೆ ಇರುವ ತಾಯಿಯಿದ್ದರೆ ಆಕೆಯ ಮನಸ್ಸಿಗೂ ಚಿಕಿತ್ಸೆ ಬೇಕೆಂದು ತಿಳಿಯಬೇಕು. ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ನಮ್ಮ ನಾಡು ಕೂದಲನ್ನು ಸೌಂದರ್ಯವೆಂದು ಕೊಂಡಾಡಿದಂತೆಯೇ ಅದನ್ನು ಬಿಟ್ಟುಕೊಡುವುದನ್ನೂ ಭಕ್ತಿಯೆಂದು ಗೌರವಿಸಿದೆ. ಮಲೆಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವರ ತಲೆಯನ್ನು ಯಾರೂ ಹೀಯಾಳಿಸುವುದಿಲ್ಲ. ಚಿತ್ರಕಾರರು ಅಕ್ಕಮಹಾದೇವಿಯನ್ನು ನೀಳಗೂದಲಲ್ಲಿಯೇ ಚಿತ್ರಿಸುತ್ತ ಬಂದಿದ್ದಾರೆ. ಆದರೆ ಶರಣರು ಆಕೆಗೆ ತಲೆಬಾಗಿದ್ದು ಆಕೆಯ ಅರಿವಿಗೆ. ಹರಕೆಯಿಂದ ಹೋದ ಕೂದಲಿಗೆ ತೋರುವ ಗೌರವವನ್ನು ಜ್ವರದಿಂದ, ಬಾಣಂತನದಿಂದ, ವಯಸ್ಸಿನಿಂದ ಹೋದ ಕೂದಲಿಗೂ ತೋರಬಾರದೇಕೆ?

ಈ ಲೇಖನ ಓದಿದ ತಾಯಂದಿರಲ್ಲಿ ನಮ್ಮ ಕೋರಿಕೆ ಇಷ್ಟೆ. ಮುಂದಿನ ಎಣ್ಣೆಯ ಸೀಸೆಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್ ಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿರಿ. ಇಂದು ರಾತ್ರಿಯ ಊಟಕ್ಕೆ ಎಲ್ಲರೊಡನೆ ಕುಳಿತುಕೊಳ್ಳಿರಿ. ಕಾಯಕಕ್ಕೆ ಆಧಾರವಾದ ಕಾಯವು ಸ್ವಸ್ಥವಾಗಿರಲಿ. ಮನೆಯನ್ನು ಹೊತ್ತ ತಾಯಂದಿರು ತಲೆಯೆತ್ತಿ ಬಾಳಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.